ಹಿರೀಸಾವೆ ಹೋಬಳಿ: ಸ್ವಾತಂತ್ರ್ಯಾನಂತರದ ಆರ್ಥಿಕ, ಸಾಮಾಜಿಕ ಇತಿಹಾಸ

ಹಿರೀಸಾವೆ ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರ, ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿದೆ. ಈ ಸೀಮೆಯ ಬೆಳವಣಿಗೆಯನ್ನು ತಾಲ್ಲೂಕುವಾರು ಬರೆಯುವುದು ರೂಢಿ. ಅದನ್ನಷ್ಟೇ ಓದಿದವರಿಗೆ ಚನ್ನರಾಯಪಟ್ಟಣವೆಲ್ಲ ಹೇಮಾವತಿ ಅಚ್ಚುಕಟ್ಟು ಅನ್ನಿಸುತ್ತದೆ. ಹೋಬಳಿ ಹೋಬಳಿ ನೋಡಿದರೆ ಸಂಗತಿ ಬೇರೆ.

ಭೂಸುಧಾರಣೆಯ ಕಥೆ ಇಲ್ಲೂ ರಾಜ್ಯದ ಉಳಿದೆಡೆಯಂತೆಯೇ. ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದ ಮೇಲೆ, ಗೇಣಿದಾರರು ತಾವು ಉಳುವ ಭೂಮಿಯ ಹಕ್ಕಿಗಾಗಿ ಭೂನ್ಯಾಯಮಂಡಳಿಗಳ ಮುಂದೆ ಅರ್ಜಿ ಹಾಕಿದರು.

ಹೆಚ್ಚು ತಕರಾರಿರುವುದು ನೀರಿನ ವಿಷಯದಲ್ಲಿ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಸಂಗ್ರಹ ಸಾಮರ್ಥ್ಯ ಸುಮಾರು 37 ಟಿಎಂಸಿ. ಕಾವೇರಿ ವಿವಾದದಿಂದ ಕೇಂದ್ರದ ಒಪ್ಪಿಗೆ ಸಿಗದೆ ರಾಜ್ಯ ತನ್ನ ಹಣದಿಂದಲೇ ಕಟ್ಟಿದ ಯೋಜನೆಯಿದು. ಎಡದಂಡೆ ನಾಲೆ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಸುರಂಗವನ್ನು ಹೊಕ್ಕು, ಮುಂದೆ ತುಮಕೂರು ಮತ್ತು ನಾಗಮಂಗಲದ ಶಾಖೆಗಳಾಗಿ ಕವಲೊಡೆಯುತ್ತದೆ. ಸುರಂಗ ಕೊರೆದ ಮೇಲೆ ಅಂತರ್ಜಲ ಅದರೊಳಕ್ಕೆ ಬಸಿದು ಬಾವಿಗಳು ಬತ್ತಿದವು ಎಂಬುದು ಮೇಲಿನ ಊರುಗಳ ರೈತರ ದೂರು. ಪರಿಹಾರಕ್ಕಾಗಿ ಅವರು ವರ್ಷಗಟ್ಟಲೆ ಹೋರಾಡಿದರು. ನೀರು ತಲುಪಿದ ಎಕರೆಗಳನ್ನು ಎಣಿಸುವ ಪುಸ್ತಕಗಳಲ್ಲಿ ಈ ನಷ್ಟಕ್ಕೂ ಒಂದು ಸಾಲು ಸಲ್ಲಬೇಕು. ಹಿರೀಸಾವೆ ಭಾಗದ ಅನೇಕ ಹಳ್ಳಿಗಳಂತೂ ನಾಲೆಯ ನೀರು ಸಿಗದೆ ಮಳೆ ಮತ್ತು ಕೊಳವೆಬಾವಿಯನ್ನೇ ನಂಬಿ ಉಳಿದವು. ಏತ ನೀರಾವರಿಯಿಂದ ಕೆರೆ ತುಂಬಿಸಿ ಎಂಬ ಬೇಡಿಕೆ ಹುಟ್ಟಿದ್ದು ಹೀಗೆ.

ನೀರು ಕಡಿಮೆಯಾದ ಕಡೆ ಸಂಸಾರ ನಡೆಸಿದ್ದು ರಾಗಿ, ಹೈನು, ತೆಂಗು. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರಿಂಗಿ ಅಲ್ಲಾಡಿಸಿದರೆ ಗಿಟುಕು ಲೊಟಲೊಟ ಅನ್ನುವವರೆಗೆ ತಿಂಗಳುಗಟ್ಟಲೆ ಬಿಟ್ಟು, ಆಮೇಲೆ ಸುಲಿದು ಉಂಡೆ ಕೊಬ್ಬರಿ ಮಾಡುತ್ತಾರೆ. ತಿಪಟೂರು, ಅರಸೀಕೆರೆಯ ಮಾರುಕಟ್ಟೆಯ ದರವೇ ಮನೆಯ ಮದುವೆಯನ್ನೂ ಮಕ್ಕಳ ಕಾಲೇಜು ಶುಲ್ಕವನ್ನೂ ತೀರ್ಮಾನಿಸುತ್ತದೆ. 1990ರ ದಶಕದ ಕೊನೆಯಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿಪೀಡೆ ಇಲ್ಲಿಗೂ ಹಬ್ಬಿತು. ನಂತರದ ಬರಗಾಲಗಳಲ್ಲಿ ಫಸಲಿನ ಮರಗಳೇ ಸುಳಿ ಒಣಗಿ ನಿಂತವು. ರಾಗಿ ಹೋದರೆ ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬಹುದು. ತೆಂಗು ಹೋದರೆ ಹೊಸ ಸಸಿ ಫಲಕ್ಕೆ ಬರುವವರೆಗೆ ಹಲವು ವರ್ಷ ಆದಾಯವಿಲ್ಲ. ಈ ಕಾರಣಕ್ಕೆ ಹೋಬಳಿಯ ಇತಿಹಾಸದಲ್ಲಿ ಆ ಬರಗಳಿಗೆ ಅಣೆಕಟ್ಟಿನಷ್ಟೇ ಜಾಗ ಕೊಡುವುದು ನ್ಯಾಯ.

ಬೇಸಾಯದ ಆದಾಯ ಸಾಲದೆ ಊರು ಬಿಟ್ಟವರಿಗೆ ಬೆಂಗಳೂರಿನ ದುಡಿಮೆಗೆ ಮೊದಲು ದಾರಿಯಾದದ್ದು ಹೆದ್ದಾರಿಯ ಬಸ್ಸು. 1990ರ ದಶಕದಲ್ಲಿ ಮಂಜೂರಾದ ಬೆಂಗಳೂರು–ಹಾಸನ ರೈಲುಮಾರ್ಗ ಹಿರೀಸಾವೆಯ ಮೇಲೆ ಹಾದು, 2017ರ ಮಾರ್ಚ್ 26ರಂದು ಪೂರ್ತಿಯಾಗಿ ಸಂಚಾರಕ್ಕೆ ತೆರೆಯಿತು.