ಸೋಲಿಗರ ಹಿರಿಯರ ಕೂಟ
ಚಾಮರಾಜನಗರ ಜಿಲ್ಲೆಯ ಹನೂರು, ಯಳಂದೂರು ಸೀಮೆಯ ಸೋಲಿಗ ಬುಡಕಟ್ಟಿನವರ ಪೋಡುಗಳಲ್ಲಿ (ಹಾಡಿಗಳಲ್ಲಿ) ಜಗಳ, ಮದುವೆಯ ತಕರಾರುಗಳನ್ನು ಮಾತಿನಲ್ಲೇ ಬಗೆಹರಿಸುವ ಸಾಂಪ್ರದಾಯಿಕ ಸಭೆ. ಯಜಮಾನನೇ ಇದರ ಮುಖ್ಯಸ್ಥ. ಮಲೆ ಮಹದೇಶ್ವರ ಬೆಟ್ಟ ಮತ್ತು ಬಿಳಿಗಿರಿರಂಗನ ಬೆಟ್ಟದ ಕಾಡುಗಳು ಈ ಸಮುದಾಯದ ನೆಲೆ.

ಕೂಟದ ಗುಣ ಚೆನ್ನಾಗಿ ಕಾಣುವುದು ಓಡಿಹೋದ ಜೋಡಿಗಳ ವಿಷಯದಲ್ಲಿ. ಪರಸ್ಪರ ಮೆಚ್ಚಿದ ಹುಡುಗ ಹುಡುಗಿ ಕಾಡು ಸೇರಿ, ಕೆಲ ದಿನ ಕಳೆದು ಮರಳುತ್ತಾರೆ. ಎರಡೂ ಮನೆಯವರನ್ನು ಕೂರಿಸಿ ಮಾತಾಡಿ, ಅಲ್ಪ ತಪ್ಪುದಂಡ ಹಾಕಿ, ಮದುವೆಯನ್ನು ಒಪ್ಪಲಾಗುತ್ತದೆ, ಊಟವೂ ಉಂಟು. ದಂಡ ಶಿಕ್ಷೆಗಿಂತ ರಾಜಿಯ ಗುರುತು ಎನ್ನಬೇಕು. ಮರ್ಯಾದೆಯ ಹೆಸರಲ್ಲಿ ಮಕ್ಕಳನ್ನೇ ಕೊಲ್ಲುವ ಘಟನೆಗಳೂ ನಡೆಯುವ ಬಯಲುಸೀಮೆಯಲ್ಲಿ ಇಂಥ ರಾಜಿ ಅಪರೂಪವೇ. ಆದರೆ ಸೋಲಿಗರಲ್ಲಿ ಒಂದೇ ಕುಲದವರ ಮದುವೆ ನಿಷಿದ್ಧ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕೆಂಬ ನಿಯಮ ಇಲ್ಲಿಗೂ ಅನ್ವಯಿಸುತ್ತದೆ.