ಆಹಾರವಿಹಾರ ಮತ್ತು ಆರೋಗ್ಯ: ಒಂದು ವಿಚಾರದ ಇತಿಹಾಸ

ಮನುಷ್ಯನು ಉಣ್ಣುವ ಅನ್ನ, ಮಾಡುವ ದುಡಿಮೆ, ನಿದ್ರಿಸುವ ಹೊತ್ತು, ಹಚ್ಚಿಕೊಂಡ ಚಟ ಇವು ದೇಹದ ಯಾವುದೋ ಒಂದು ಅವಯವವನ್ನು ಮುಟ್ಟಿ ಸುಮ್ಮನಾಗದೆ ಕಾಲಕ್ರಮದಲ್ಲಿ ಸಮಸ್ತ ಶರೀರದ ಸ್ಥಿತಿಯನ್ನೇ ನಿರ್ಣಯಿಸುತ್ತವೆ ಎಂಬ ತತ್ತ್ವವು ವೈದ್ಯಶಾಸ್ತ್ರದಷ್ಟೇ ಪುರಾತನವಾದುದು. ಆದರೆ ಈ ತತ್ತ್ವವನ್ನು ಉಪದೇಶಿಸಿದವರ ಚರಿತ್ರೆ ಬೇರೆ, ಪರೀಕ್ಷಿಸಿ ಸ್ಥಾಪಿಸಿದವರ ಚರಿತ್ರೆ ಬೇರೆ. ಉಪದೇಶವೆಲ್ಲ ಬಹುಮಟ್ಟಿಗೆ ತನ್ನ ಊಟವನ್ನು ತಾನೇ ಆರಿಸಿಕೊಳ್ಳಬಲ್ಲ ಅನುಕೂಲಸ್ಥ ಗೃಹಸ್ಥನನ್ನು ಉದ್ದೇಶಿಸಿದ್ದು. ಪ್ರಮಾಣಗಳಾದರೋ ಆಯ್ಕೆಯ ಸ್ವಾತಂತ್ರ್ಯವೇ ಇಲ್ಲದ ನಾವಿಕರು, ಸೈನಿಕರು, ಸೆರೆಯಾಳುಗಳು, ಪಂಜರದ ಪ್ರಾಣಿಗಳು ಇವರಿಂದ ದೊರೆತುವು. ಈ ಎರಡು ಧಾರೆಗಳು ಸಂಗಮಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಆ ಸಂಗಮವೂ ಇನ್ನೂ ಪೂರ್ಣವಾಗಿಲ್ಲವೆಂದೇ ಹೇಳಬೇಕು.

ಭಾರತೀಯ ವೈದ್ಯಗ್ರಂಥಗಳಲ್ಲಿ ಚರಕಸಂಹಿತೆಯು ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರನ್ನು ಶರೀರದ ಉಪಸ್ತಂಭಗಳೆಂದು ಗಣಿಸಿ, ಊಟದ ಮಾತ್ರೆಯನ್ನು ಕುರಿತು ಒಂದು ಅಧ್ಯಾಯವನ್ನೂ ಋತುಭೇದಕ್ಕನುಗುಣವಾದ ನಡವಳಿಕೆಯನ್ನು ಕುರಿತು ಮತ್ತೊಂದನ್ನೂ ಮೀಸಲಿರಿಸಿದೆ. ವಾಗ್ಭಟನು ತನ್ನ ಅಷ್ಟಾಂಗಹೃದಯದಲ್ಲಿ ರೋಗಗಳ ಮಾತನ್ನೆತ್ತುವುದಕ್ಕೆ ಬಹು ಮೊದಲೇ ದಿನಚರ್ಯೆ, ಋತುಚರ್ಯೆಗಳನ್ನು ಹೇಳಿ ಮುಗಿಸುತ್ತಾನೆ. ಇವೆಲ್ಲಕ್ಕಿಂತ ಕುತೂಹಲಕರವಾದುದು ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬರುವ ಪ್ರಮೇಹದ ಪ್ರಕರಣ. ಅಲ್ಲಿ ಈ ವ್ಯಾಧಿಯನ್ನು ಹುಟ್ಟಿನಿಂದ ಬಂದುದು, ಅಪಥ್ಯದಿಂದ ಬಂದುದು ಎಂದು ಎರಡಾಗಿ ವಿಂಗಡಿಸಿ, ಮೊದಲನೆಯ ಬಗೆಯ ರೋಗಿ ಪ್ರಾಯಶಃ ಕೃಶನೆಂದೂ ಎರಡನೆಯವನು ಸ್ಥೂಲನೆಂದೂ ಹೇಳಿದೆ. ಸ್ಥೂಲನು ಬಡವನಾಗಿದ್ದರೆ ಪಾದರಕ್ಷೆಯಾಗಲಿ ಕೊಡೆಯಾಗಲಿ ಇಲ್ಲದೆ, ಭಿಕ್ಷಾನ್ನವನ್ನುಂಡು, ಒಂದೊಂದು ಊರಿನಲ್ಲಿ ಒಂದೊಂದು ರಾತ್ರಿ ಮಾತ್ರ ತಂಗುತ್ತ ನೂರು ಯೋಜನ ನಡೆಯಬೇಕು. ಧನವಂತನಾಗಿದ್ದರೆ ಸಾಮೆ, ಕಾಡುನೆಲ್ಲು ಮೊದಲಾದವನ್ನೇ ತಿಂದು ವನವಾಸಿಯಂತೆ ಬದುಕಬೇಕು. ಬೇಸಾಯಗಾರನಾಗಿದ್ದರೆ ಬಾವಿ ತೋಡಬೇಕು. ಕೃಶನಿಗೆ ಮಾತ್ರ ಇದಾವುದೂ ಕೂಡದು, ಅವನನ್ನು ಸದಾ ಪೋಷಿಸಿ ಕಾಪಾಡಬೇಕು. ಒಂದೇ ರೋಗಕ್ಕೆ ರೋಗಿಯ ಮೈಕಟ್ಟನ್ನೂ ಕೈಯಲ್ಲಿರುವ ಹಣವನ್ನೂ ನೋಡಿ ಬೇರೆಬೇರೆ ವಿಧಿಗಳನ್ನು ಹೇಳಿದ ಈ ವಿವೇಕವು ಮುಂದಿನ ಎಷ್ಟೋ ಆರೋಗ್ಯಬೋಧಕರಲ್ಲಿ ಕಾಣದು.

ಗ್ರೀಸಿನ ಹಿಪ್ಪೊಕ್ರೆಟಿಸ್ ಸಂಪ್ರದಾಯದ ಗ್ರಂಥಗಳೂ ಊಟಕ್ಕೂ ವ್ಯಾಯಾಮಕ್ಕೂ ಇರಬೇಕಾದ ಸಮತೋಲವನ್ನು ವಿಸ್ತಾರವಾಗಿ ಚರ್ಚಿಸುತ್ತವೆ. ಗೇಲನನ ಬರಹಗಳಿಂದ ಬೆಳೆದ ಪದ್ಧತಿಯು ಗಾಳಿ, ಅನ್ನಪಾನ, ನಿದ್ರೆ ಮತ್ತು ಎಚ್ಚರ, ಚಲನೆ ಮತ್ತು ವಿಶ್ರಾಂತಿ, ವಿಸರ್ಜನೆ ಮತ್ತು ಧಾರಣೆ, ಮನೋವಿಕಾರ ಎಂಬ ಆರು ಸಂಗತಿಗಳನ್ನು ಆರೋಗ್ಯದ ಮೂಲವೆಂದು ಎಣಿಸಿತು. ಹನ್ನೊಂದನೆಯ ಶತಮಾನದಲ್ಲಿ ಬಾಗ್ದಾದಿನ ಇಬ್ನ್ ಬುತ್ಲಾನನು ಇವನ್ನು ಕೋಷ್ಟಕಗಳಾಗಿ ಜೋಡಿಸಿದ ಗ್ರಂಥವು ಲ್ಯಾಟಿನ್ನಿಗೆ ಅನುವಾದಗೊಂಡು ಯೂರೋಪಿನ ಶ್ರೀಮಂತರ ಮನೆಗಳನ್ನು ಸೇರಿತು. ಪಾದುವದ ಲುಯಿಜಿ ಕೊರ್ನಾರೊ ಎಂಬ ಗೃಹಸ್ಥನು ಯೌವನದಲ್ಲಿ ಅತಿಭೋಗದಿಂದ ಮೈ ಕೆಡಿಸಿಕೊಂಡು, ತರುವಾಯ ದಿನಕ್ಕೆ 12 ಔನ್ಸು ಆಹಾರ, 14 ಔನ್ಸು ದ್ರಾಕ್ಷಾರಸ ಎಂದು ಕಟ್ಟುಮಾಡಿಕೊಂಡು ದೀರ್ಘಕಾಲ ಬಾಳಿ, 1558ರಲ್ಲಿ ಮಿತಾಹಾರವನ್ನು ಹೊಗಳಿ ಪುಸ್ತಕ ಬರೆದನು. ಕನ್ನಡ ನಾಡಿನಲ್ಲಿ 1025ರ ಸುಮಾರಿನ ಚಾವುಂಡರಾಯನ ಲೋಕೋಪಕಾರ, ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದ ಅನ್ನಭೋಗ ಪ್ರಕರಣ, ಹದಿನಾರನೆಯ ಶತಮಾನದ ಮಂಗರಸನ ಸೂಪಶಾಸ್ತ್ರ ಇವು ಪಾಕವಿಷಯಕವಾದ ಗ್ರಂಥಭಾಗಗಳಾಗಿ ಪ್ರಸಿದ್ಧವಾಗಿವೆ. ಅವುಗಳ ಓದುಗನೂ ಉಣ್ಣುವುದಕ್ಕೆ ಕೊರತೆಯಿಲ್ಲದವನೇ.

ಉಪದೇಶದ ಮಾರ್ಗವನ್ನು ಬಿಟ್ಟು ಪರೀಕ್ಷೆಯ ಮಾರ್ಗವನ್ನು ಹಿಡಿದ ಮೊದಲಿಗರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯನಾದ ಜೇಮ್ಸ್ ಲಿಂಡನು ಮುಖ್ಯನು. 1747ರಲ್ಲಿ ಸಾಲ್ಸ್‌ಬರಿ ಎಂಬ ಹಡಗಿನಲ್ಲಿ ಸ್ಕರ್ವಿ ರೋಗದಿಂದ ವಸಡು ಕೊಳೆತು, ಮೊಣಕಾಲು ಸೋತು ಮಲಗಿದ್ದ 12 ಮಂದಿಯನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೂ ಒಂದೊಂದು ಬಗೆಯ ಚಿಕಿತ್ಸೆಯನ್ನು ಅವನು ಕೊಟ್ಟನು. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ಪಡೆದ ಜೋಡಿ ಆರು ದಿನಗಳಲ್ಲಿ, ಹಣ್ಣಿನ ದಾಸ್ತಾನು ಮುಗಿಯುವಷ್ಟರಲ್ಲಿ, ಬಹುಮಟ್ಟಿಗೆ ಗುಣಮುಖವಾಯಿತು. ಗ್ರಂಥವು 1753ರಲ್ಲಿ ಅಚ್ಚಾದರೂ ನೌಕಾಪಡೆಯು ನಿಂಬೆಯ ರಸವನ್ನು ನಿತ್ಯದ ಪಡಿಯಾಗಿ ಅಂಗೀಕರಿಸಿದ್ದು 1795ರಲ್ಲಿ. ನಡುವಣ ನಾಲ್ಕು ದಶಕಗಳಲ್ಲಿ ಸತ್ತ ನಾವಿಕರು ತಾವಾಗಿ ಅಪಥ್ಯ ಮಾಡಿದವರಲ್ಲ. ಸರ್ಕಾರವು ಅಳೆದುಕೊಟ್ಟ ಉಪ್ಪು ಮಾಂಸ, ಒಣ ಬಿಸ್ಕತ್ತುಗಳನ್ನೇ ತಿಂದವರು.

ಇದೇ ಮಾತು ಬೆರಿಬೆರಿ ರೋಗದಲ್ಲಿ ಇನ್ನೂ ಸ್ಫುಟವಾಗಿ ತೋರುತ್ತದೆ. ಜಪಾನಿನ ರ್ಯೂಜೋ ಎಂಬ ತರಬೇತಿ ಹಡಗು 1882–83ರಲ್ಲಿ ನಡೆಸಿದ ದೀರ್ಘಯಾತ್ರೆಯಲ್ಲಿ 376 ಮಂದಿಯ ಪೈಕಿ 169 ಮಂದಿಗೆ ಈ ರೋಗ ತಗುಲಿ 25 ಮಂದಿ ಸತ್ತರು. ನೌಕಾವೈದ್ಯ ತಕಾಕಿ ಕನೆಹಿರೊ 1884ರಲ್ಲಿ ತ್ಸುಕುಬ ಎಂಬ ಇನ್ನೊಂದು ಹಡಗನ್ನು ಅದೇ ದಾರಿಯಲ್ಲಿ ಕಳುಹಿಸಿ, ಬಿಳಿಯ ಅಕ್ಕಿಯ ಅನ್ನವನ್ನು ಕಡಿಮೆ ಮಾಡಿ ಮಾಂಸ, ಹಾಲು, ರೊಟ್ಟಿಗಳನ್ನು ಕೊಡಿಸಿದನು. 14 ಮಂದಿಗೆ ಮಾತ್ರ ರೋಗ ಬಂದಿತು, ಒಬ್ಬನೂ ಸಾಯಲಿಲ್ಲ. ಅವನು ಊಹಿಸಿದ ಕಾರಣ ಸಾರಜನಕದ ಕೊರತೆಯೆಂಬುದು. ಊಹೆ ತಪ್ಪು, ಮದ್ದು ಸರಿ. ವೈದ್ಯಚರಿತ್ರೆಯಲ್ಲಿ ಇಂತಹ ಪ್ರಸಂಗಗಳು ವಿರಳವಲ್ಲ.

ನಿಜವಾದ ಕಾರಣದ ಸುಳಿವು ದೊರೆತುದು ಜಾವಾದ ಬಟಾವಿಯ ನಗರದ ಸೈನಿಕ ಆಸ್ಪತ್ರೆಯ ಕೋಳಿಗೂಡಿನಲ್ಲಿ. ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಸಾಕಿದ್ದ ಕೋಳಿಗಳು ಕೆಲವು ಕಾಲ ಕಾಲಿನ ಶಕ್ತಿಯುಡುಗಿ ತೂರಾಡಿ ಬೀಳುತ್ತಿದ್ದು, ಇದ್ದಕ್ಕಿದ್ದಂತೆ ಚೇತರಿಸಿಕೊಂಡವು. ವಿಚಾರಿಸಲಾಗಿ, ಹಿಂದಿನ ಅಡಿಗೆಯವನು ಆಸ್ಪತ್ರೆಯಲ್ಲಿ ಮಿಕ್ಕ ಪಾಲಿಷ್ ಅಕ್ಕಿಯ ಅನ್ನವನ್ನು ಅವಕ್ಕೆ ಹಾಕುತ್ತಿದ್ದನೆಂದೂ, ಹೊಸದಾಗಿ ಬಂದವನು ಸೈನ್ಯದ ಅಕ್ಕಿಯನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲೊಲ್ಲದೆ ತೌಡು ಸಹಿತವಾದ ಅಕ್ಕಿ ಹಾಕುತ್ತಿದ್ದನೆಂದೂ ತಿಳಿದುಬಂದಿತು. ಜಾವಾದ ಸೆರೆಮನೆಗಳಲ್ಲಿ ವೋರ್ಡರ್‌ಮನ್ ಎಂಬ ಅಧಿಕಾರಿಯು ಮಾಡಿದ ಸಮೀಕ್ಷೆಯಿಂದ, ಬಿಳಿಯ ಅಕ್ಕಿ ಬೇಯಿಸುವ ಕಡೆ ಈ ರೋಗ ಹೆಚ್ಚೆಂದೂ ತೌಡುಳ್ಳ ಅಕ್ಕಿ ಬೇಯಿಸುವ ಕಡೆ ಇಲ್ಲವೆನ್ನುವಷ್ಟು ಕಡಿಮೆಯೆಂದೂ ನಿಶ್ಚಯವಾಯಿತು. ತೌಡಿನಲ್ಲಿ ಅನ್ನಕ್ಕೆ ಅವಶ್ಯವಾದ ಏನೋ ಒಂದು ವಸ್ತುವಿದೆಯೆಂದು 1901ರಲ್ಲಿ ಗೆರಿಟ್ ಗ್ರೈನ್ಸ್ ಪ್ರತಿಪಾದಿಸಿದನು; 1912ರಲ್ಲಿ ಕಾಸಿಮಿರ್ ಫುಂಕ್ ಇಂತಹ ವಸ್ತುಗಳಿಗೆ ವಿಟಮಿನ್ ಎಂದು ಹೆಸರಿಟ್ಟನು. ನೆಲ್ಲನ್ನು ಬೇಯಿಸಿ ಒಣಗಿಸಿ ಅಕ್ಕಿ ಮಾಡಿದಾಗ ಈ ಸತ್ತ್ವವು ಕಾಳಿನ ಒಳಕ್ಕೆ ಇಳಿದು ಗಿರಣಿಯಲ್ಲಿ ನಷ್ಟವಾಗದೆ ಉಳಿಯುತ್ತದೆ. ಮದ್ರಾಸ್ ಪ್ರಾಂತದಲ್ಲಿ ಬೆರಿಬೆರಿಯು ಬೆಳ್ತಿಗೆ ಅಕ್ಕಿಯನ್ನು ಗಿರಣಿಯಲ್ಲಿ ನುಣುಪು ಮಾಡಿಸಿ ಉಣ್ಣುತ್ತಿದ್ದ ಉತ್ತರ ಸರ್ಕಾರುಗಳಲ್ಲಿ ಬೀಡುಬಿಟ್ಟಿದ್ದುದು ಇದರಿಂದಲೇ. ದಕ್ಷಿಣ ಕನ್ನಡದ ಕುಚ್ಚಲಕ್ಕಿಯ ಗಂಜಿ ಇಂತಹ ಅಕ್ಕಿಯದೇ ಗಂಜಿ. ಅದನ್ನು ಯಾವ ವೈದ್ಯನೂ ಅಲ್ಲಿಯವರಿಗೆ ವಿಧಿಸಿರಲಿಲ್ಲ.

ಭಾರತದಲ್ಲಿ ಈ ಶಾಸ್ತ್ರಕ್ಕೆ ನೆಲೆ ದೊರೆತುದು ನೀಲಗಿರಿಯ ಕೂನೂರಿನಲ್ಲಿ. ಅಲ್ಲಿಯ ಪಾಶ್ಚರ್ ಸಂಸ್ಥೆಯ ಒಂದು ಕೊಠಡಿಯಲ್ಲಿ ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಬೆರಿಬೆರಿಯ ವಿಚಾರಣೆಯನ್ನು ಆರಂಭಿಸಿದನು. ನಡುವೆ ಹಣವಿಲ್ಲದೆ ನಿಂತುಹೋದ ಆ ಕಾರ್ಯವು ಮುಂದೆ ಪೋಷಣ ಸಂಶೋಧನಾಲಯವಾಗಿ ಬೆಳೆದು, 1958ರಲ್ಲಿ ಹೈದರಾಬಾದಿಗೆ ವರ್ಗವಾಗಿ, ಈಗ ರಾಷ್ಟ್ರೀಯ ಪೋಷಣ ಸಂಸ್ಥೆಯೆನಿಸಿದೆ. ಮೆಕ್ಯಾರಿಸನ್ನನ ಪ್ರಯೋಗಗಳಲ್ಲಿ ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಒಂದುಂಟು. ಎಳೆಯ ಇಲಿಗಳನ್ನು ಏಳು ಗುಂಪು ಮಾಡಿ, ಸಿಖ್, ಪಠಾಣ, ಮರಾಠ, ಗೂರ್ಖಾ, ಕನ್ನಡಿಗ, ಬಂಗಾಳಿ, ಮದ್ರಾಸಿ ಜನಗಳ ಊಟವನ್ನು ಅನುಕರಿಸಿ ಒಂದೊಂದು ಗುಂಪಿಗೆ ಉಣಿಸಿ ಅವನು ತೂಗಿ ನೋಡಿದನು. ಇಡಿ ಗೋದಿಯ ರೊಟ್ಟಿ, ಬೆಣ್ಣೆ, ಹಾಲು, ಬೇಳೆ, ತರಕಾರಿಗಳ ಸಿಖ್ ಊಟದ ಇಲಿ ಸರಾಸರಿ 235 ಗ್ರಾಂ ತೂಗಿತು, ಕನ್ನಡಿಗರ ಊಟದ್ದು 185, ಮದ್ರಾಸಿನದು 155. ಬಿಳಿಯ ಬ್ರೆಡ್ಡು, ಮಾರ್ಗರಿನ್, ಸಕ್ಕರೆ ಹಾಕಿದ ಚಹ, ಡಬ್ಬಿಯ ಮಾಂಸ ಇವನ್ನೊಳಗೊಂಡ ಇಂಗ್ಲೆಂಡಿನ ಬಡವರ ಊಟವನ್ನು ತಿಂದ ಇಲಿಗಳಾದರೋ ಕುಂಠಿತವಾಗಿ ಬೆಳೆದು, ಕಡೆಗೆ ತಮ್ಮಲ್ಲಿ ದುರ್ಬಲವಾದವನ್ನು ಕೊಂದು ತಿನ್ನತೊಡಗಿದುವು. ಅಂಗಾಂಗಗಳನ್ನು ಕೊಯ್ದು ನೋಡಿದಾಗ ಶ್ವಾಸಕೋಶ, ಜಠರ, ಕರುಳುಗಳೆಲ್ಲ ಒಟ್ಟಿಗೆ ಕೆಟ್ಟಿದ್ದುದು ಕಂಡುಬಂದಿತು. ಊಟದ ದೋಷವು ಒಂದು ಅಂಗದ ದೋಷವಾಗಿ ಉಳಿಯದೆಂಬುದಕ್ಕೆ ಇದು ಆ ಕಾಲದ ಪ್ರಬಲ ಸಾಕ್ಷ್ಯ.

ಆದರೂ ಈ ಪ್ರಯೋಗವನ್ನು ಸ್ವಲ್ಪ ಎಚ್ಚರದಿಂದ ಓದಬೇಕಾಗಿದೆ. ಬ್ರಿಟಿಷ್ ಸೈನ್ಯವು ಯಾರನ್ನು ವೀರಜನಾಂಗವೆಂದು ಮೆಚ್ಚುತ್ತಿತ್ತೋ ಅವರ ಊಟದ ಇಲಿಗಳೇ ಮೇಲೆ ನಿಂತುದು ಓದುಗನನ್ನು ಯೋಚನೆಗೆ ಹಚ್ಚದೆ ಇರದು. ಮೇಲಾಗಿ ಕನ್ನಡಿಗರ ಊಟವೆಂಬ ಏಕವಸ್ತುವು ಎಲ್ಲಿದೆ? ಮಂಡ್ಯ, ಕೋಲಾರಗಳ ಮುದ್ದೆ ಬಸ್ಸಾರು, ಬಿಜಾಪುರದ ಜೋಳದ ರೊಟ್ಟಿ, ಕರಾವಳಿಯ ಗಂಜಿ ಮೀನು ಇವುಗಳ ನಡುವೆ ಹಾಲು ಹಿಟ್ಟುಗಳ ಪ್ರಮಾಣದಲ್ಲಿ ಇರುವ ಅಂತರವು ಸಿಖ್ಖರಿಗೂ ಮದ್ರಾಸಿನವರಿಗೂ ಇರುವ ಅಂತರಕ್ಕಿಂತ ಬಹಳ ಕಡಿಮೆಯೇನಲ್ಲ. ಹಾಲು ಬೆಣ್ಣೆ ಕೊಳ್ಳಲು ಶಕ್ತಿಯಿಲ್ಲದವನ ಊಟವನ್ನು ಅವನ ಪ್ರಾಂತದ ಊಟವೆಂದು ಕರೆದರೆ ಬಡತನವು ಭೂಗೋಳದ ವೇಷ ಹಾಕಿಕೊಂಡಂತಾಗುತ್ತದೆ. 1935ರಲ್ಲಿ ಕೂನೂರಿಗೆ ನಿರ್ದೇಶಕನಾಗಿ ಬಂದ ವಾಲೆಸ್ ಅಕ್ರಾಯ್ಡನು ಜನರ ಮನೆಗಳಲ್ಲಿ ಉಣ್ಣುವುದನ್ನೇ ಅಳೆಯಿಸಿ, ಭಾರತೀಯ ಆಹಾರಪದಾರ್ಥಗಳ ಸತ್ತ್ವವನ್ನು ಪಟ್ಟಿಮಾಡಿ ಪ್ರಕಟಿಸಿದುದರಿಂದ ಈ ದೋಷವು ಬಹುಮಟ್ಟಿಗೆ ತಿದ್ದುಪಡಿಯಾಯಿತು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಸುಬ್ರಹ್ಮಣ್ಯನ್ನರ ನೇತೃತ್ವದಲ್ಲಿ ಕಡಲೆಕಾಯಿ ಹಿಂಡಿಯಂತಹ ಅಗ್ಗದ ಪದಾರ್ಥಗಳಿಂದ ಪೌಷ್ಟಿಕಾಂಶವನ್ನು ಒದಗಿಸುವ ಉಪಾಯಗಳನ್ನು ಹುಡುಕಿತು.

ಎರಡನೆಯ ಮಹಾಯುದ್ಧದ ತರುವಾಯ ಪ್ರಶ್ನೆಯ ಮುಖವೇ ತಿರುಗಿತು. ಐಶ್ವರ್ಯವಂತ ದೇಶಗಳಲ್ಲಿ ಕೊರತೆಯ ರೋಗಗಳು ಮರೆಯಾಗಿ, ನಡುವಯಸ್ಸಿನ ಗಂಡಸರು ಹೃದ್ರೋಗದಿಂದ ಹಠಾತ್ತನೆ ಸಾಯತೊಡಗಿದ್ದರು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ 1948ರಲ್ಲಿ 5,209 ಮಂದಿಯನ್ನು ಆರಿಸಿ ವರ್ಷಾನುವರ್ಷ ಗಮನಿಸುತ್ತ ಹೋದುದರಿಂದ ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ ಇವು ಹೃದ್ರೋಗದ ಮುನ್ಸೂಚಕಗಳೆಂದು ತಿಳಿಯಿತು. ಆನ್ಸೆಲ್ ಕೀಸ್ 1958ರಿಂದ ಏಳು ದೇಶಗಳಲ್ಲಿ ನಡೆಸಿದ ಅಧ್ಯಯನವು ಕೊಬ್ಬಿನ ಬಗೆಯನ್ನು ಮುಂದಕ್ಕೆ ತಂದಿತು. ಆ ದೇಶಗಳನ್ನು ಆರಿಸಿದ ರೀತಿಯನ್ನು ಕುರಿತ ಜಗಳ ಇನ್ನೂ ಮುಗಿದಿಲ್ಲ.

ಇವೆರಡಕ್ಕಿಂತಲೂ ಸೊಗಸಾದ ಬುದ್ಧಿವಂತಿಕೆ ಕಾಣುವುದು ಲಂಡನ್ನಿನ ಜೆರ್ರಿ ಮಾರಿಸನ ಕೆಲಸದಲ್ಲಿ. ಅಲ್ಲಿಯ ಎರಡಂತಸ್ತಿನ ಬಸ್ಸುಗಳಲ್ಲಿ ಡ್ರೈವರು ದಿನವೆಲ್ಲ ಕುಳಿತಿರುತ್ತಾನೆ, ಕಂಡಕ್ಟರು ಟಿಕೆಟ್ಟು ಕೊಡುತ್ತ ದಿನಕ್ಕೆ ನೂರಾರು ಮೆಟ್ಟಲು ಹತ್ತಿಳಿಯುತ್ತಾನೆ. ಸಂಬಳ, ಊರು, ಸಾಮಾಜಿಕ ಅಂತಸ್ತು ಇಬ್ಬರಿಗೂ ಹೆಚ್ಚುಕಡಮೆ ಒಂದೇ. 1953ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಮೆ, ಬಂದರೂ ಅಷ್ಟು ಮಾರಕವಲ್ಲ. ಶ್ರಮವೇ ಇದಕ್ಕೆ ಕಾರಣವೆಂದು ಸಾರಿ ಸುಮ್ಮನಾಗುವುದು ಸುಲಭವಾಗಿತ್ತು. ಮಾರಿಸನು ಹಾಗೆ ಮಾಡದೆ, ಬಸ್ಸು ಕಂಪೆನಿಯ ದರ್ಜಿಗಳ ಬಳಿ ಇದ್ದ ಸಮವಸ್ತ್ರದ ಅಳತೆಗಳನ್ನು ತರಿಸಿ ನೋಡಿದನು. ಡ್ರೈವರುಗಳ ಷರಾಯಿಯ ಸೊಂಟದ ಸುತ್ತಳತೆ ಅವರು ಕೆಲಸಕ್ಕೆ ಸೇರಿದಾಗಲೇ ದೊಡ್ಡದಾಗಿತ್ತು. ಕುಳಿತು ಮಾಡುವ ಕೆಲಸವು ಮನುಷ್ಯನನ್ನು ಕೆಡಿಸಿತೋ, ಅಂತಹ ಮೈಯವನೇ ಕುಳಿತು ಮಾಡುವ ಕೆಲಸವನ್ನು ಹುಡುಕಿಕೊಂಡನೋ ಎಂಬ ಸಂದೇಹವನ್ನು ಅವನು 1956ರಲ್ಲಿ ತಾನೇ ಎತ್ತಿ ಪ್ರಕಟಿಸಿದನು. ಶ್ರಮದ ಪ್ರಭಾವವು ಆಮೇಲಿನ ಅಧ್ಯಯನಗಳಿಂದ ದೃಢಪಟ್ಟಿತಾದರೂ, ಜೀವನಕ್ರಮವನ್ನು ಕುರಿತ ಯಾವುದೇ ಅಂಕಿಯ ಹಿಂದೆ ಈ ಸಂದೇಹವು ಹೊಂಚುಹಾಕಿಕೊಂಡಿರುತ್ತದೆ.

ಸಂದೇಹವನ್ನು ಪರಿಹರಿಸಲು ಒಂದೇ ಮಾರ್ಗ: ಜನರನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರ ಜೀವನಕ್ರಮವನ್ನು ಮಾತ್ರ ಬದಲಿಸಿ ನೋಡುವುದು. ಸುಶ್ರುತನ ಪ್ರಮೇಹಕ್ಕೆ ಈ ಪರೀಕ್ಷೆ ನಡೆದುದು ಚೀನದ ದಾಚಿಂಗ್ ನಗರದಲ್ಲಿ, 1986ರಿಂದ. ಸಕ್ಕರೆಕಾಯಿಲೆಯ ಹೊಸ್ತಿಲಲ್ಲಿದ್ದ 577 ಮಂದಿಯ ಪೈಕಿ ಸಾಮಾನ್ಯ ಗುಂಪಿನವರಲ್ಲಿ ಶೇಕಡ 67.7ರಷ್ಟು ಮಂದಿಗೆ ಆರು ವರ್ಷಗಳಲ್ಲಿ ರೋಗವು ಬಂದರೆ, ವ್ಯಾಯಾಮದ ಗುಂಪಿನಲ್ಲಿ ಶೇಕಡ 41.1ರಷ್ಟು ಮಂದಿಗೆ ಬಂದಿತು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವು ತೂಕವಿಳಿಸಿ ವಾರಕ್ಕೆ 150 ನಿಮಿಷ ನಡೆದವರಲ್ಲಿ ರೋಗವು ಶೇಕಡ 58ರಷ್ಟು ತಗ್ಗಿತೆಂದೂ ಮೆಟ್‌ಫಾರ್ಮಿನ್ ಮಾತ್ರೆಯಿಂದ ಶೇಕಡ 31ರಷ್ಟೇ ತಗ್ಗಿತೆಂದೂ ತೋರಿಸಿತು. ಚೆನ್ನೈಯ ರಾಮಚಂದ್ರನ್ನರ ತಂಡವು 531 ಮಂದಿಯಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂರು ವರ್ಷಗಳ ಬಳಿಕ ಸಾಮಾನ್ಯ ಗುಂಪಿನ ಶೇಕಡ 55ಕ್ಕೆ ಪ್ರತಿಯಾಗಿ ಪಥ್ಯ ವ್ಯಾಯಾಮಗಳ ಗುಂಪಿನಲ್ಲಿ ಶೇಕಡ 39.3ರಷ್ಟು ಮಂದಿಗೆ ರೋಗ ಬಂದಿತು; ಭಾರತೀಯರಲ್ಲಿ ಫಲವುಂಟು, ಆದರೆ ಅಮೆರಿಕದಷ್ಟಿಲ್ಲ. ಅಮೆರಿಕದವರಿಗೆ ಒಬ್ಬೊಬ್ಬರಿಗೂ ಪ್ರತ್ಯೇಕ ಬೋಧಕರಿದ್ದು, 16 ಪಾಠಗಳನ್ನು ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟಿದ್ದರೆಂಬುದನ್ನು ಮರೆಯಬಾರದು.

ಭಾರತೀಯರ ಮೈಯಲ್ಲಿ ಈ ರೋಗಗಳು ಬೇಗನೆ ಬೇರೂರಲು ಕಾರಣವೇನೆಂಬ ಪ್ರಶ್ನೆಗೆ ಒಂದು ಉತ್ತರವು ಮೈಸೂರಿನಲ್ಲಿ ಸಿಕ್ಕಿತು. ಊರಿನವರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಹೆರಿಗೆಯ ದಫ್ತರಗಳಲ್ಲಿ ಬರೆದಿಡುತ್ತಿದ್ದರು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ, ಸುತ್ತಮುತ್ತಲೇ ವಾಸವಾಗಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ವರದಿಯು 1996ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಮೆ ತೂಗಿದವರಲ್ಲಿ ಹೃದ್ರೋಗವು ಶೇಕಡ 11. ಮೂರು ಕಿಲೋಗ್ರಾಂ ಮೀರಿ ತೂಗಿದವರಲ್ಲಿ ಶೇಕಡ 3. ಹುಟ್ಟಿನ ತೂಕವೂ ಕಡಮೆಯಿದ್ದು, ಬಸುರಿನಲ್ಲಿ ತಾಯಿಯ ತೂಕವೂ 45 ಕಿಲೋಗ್ರಾಮಿಗಿಂತ ಕಡಮೆಯಿದ್ದವರಲ್ಲಿ ಅದು ಶೇಕಡ 20ಕ್ಕೆ ಏರಿತ್ತು. ಅವರ ಊಟವನ್ನು ಅವರಿಗಿಂತ ಮೊದಲು ಅವರ ತಾಯಂದಿರು ಉಂಡಿದ್ದರು, ಅಥವಾ ಉಣ್ಣದೆ ಇದ್ದರು. ಇದೇ ಆಸ್ಪತ್ರೆಗೆ 1997–98ರಲ್ಲಿ ಬಂದ ಗರ್ಭಿಣಿಯರನ್ನು ಸೇರಿಸಿಕೊಂಡು ಇನ್ನೊಂದು ಅಧ್ಯಯನವು ಆರಂಭವಾಯಿತು. ಅವರ ರಕ್ತದ ಸಕ್ಕರೆಯನ್ನು ಬಸುರಿನಲ್ಲಿಯೇ ಅಳೆದು, ಹುಟ್ಟಿದ ಮಕ್ಕಳನ್ನು ವರ್ಷವರ್ಷವೂ ಕರೆಸಿ ತೂಗಿ, ಚರ್ಮದಡಿಯ ಕೊಬ್ಬನ್ನು ಅಳೆದು ನೋಡುತ್ತ ಬಂದಿದ್ದಾರೆ.