ನರಸ್ನಾಯುಗಳ ವಿದ್ಯುತ್ ಪರೀಕ್ಷೆ ಮತ್ತು ತೊಗರಿಯ ನಾಡು

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕರಿನೆಲವು ತೊಗರಿಗೆ ಹೆಸರಾದುದು. ನೆರೆಯ ವಾಡಿಯು ಸಿಮೆಂಟಿಗೂ ಶಹಾಬಾದವು ಹಾಸುಗಲ್ಲಿಗೂ ಪ್ರಸಿದ್ಧವಾಗಿವೆ. ತೊಗರಿಯ ಕಾಯಿಕೊರಕ ಹುಳುವಿಗೆಂದು ಸಿಂಪಡಿಸುವ ಕೀಟನಾಶಕಗಳಲ್ಲಿ ಆರ್ಗನೋಫಾಸ್ಫರಸ್ ವರ್ಗದವೂ ಉಂಟು. ಇಂಥ ವಿಷವೇರಿದವನ ಸ್ನಾಯುಗಳು ಏಕೆ ಸೋಲುತ್ತವೆ, ವೈದ್ಯರು ಅದನ್ನು ವಿದ್ಯುತ್ತಿನ ನೆರವಿನಿಂದ ಹೇಗೆ ಅರಿತರು ಎಂಬುದನ್ನು ನಾವಿಲ್ಲಿ ಸಂಕ್ಷೇಪವಾಗಿ ವಿಚಾರಿಸುವೆವು.

ವಿದ್ಯುತ್ತಿಗೂ ಸ್ನಾಯುವಿಗೂ ಇರುವ ಸಂಬಂಧವನ್ನು ಗಾಲ್ವಾನಿಯು 1791ರಲ್ಲಿ ಕಪ್ಪೆಯ ಕಾಲಿನ ಪ್ರಯೋಗಗಳಿಂದ ಪ್ರಕಟಪಡಿಸಿದನು. ಕೆಲವು ರೋಗಿಗಳ ಸ್ನಾಯುಗಳು ಮರುಮರಳಿ ಕೊಟ್ಟ ವಿದ್ಯುತ್ ಪ್ರಚೋದನೆಗೆ ದಣಿಯುವುದನ್ನು 1895ರಲ್ಲಿ ಯೋಲಿ ಎಂಬ ಜರ್ಮನ್ ವೈದ್ಯನು ತೋರಿಸಿದನು. 1941ರಲ್ಲಿ ಹಾರ್ವೆ ಮತ್ತು ಮಾಸ್ಲಂಡರು ಆ ದಣಿವನ್ನು ಅಳೆದು ದಾಖಲಿಸುವ ಕ್ರಮವನ್ನು ಸ್ಥಾಪಿಸಿದರು. 1952ರಲ್ಲಿ ಕೋಪನ್‌ಹೇಗನ್ನಿನ ಪೋಲಿಯೋ ಪಿಡುಗಿನಲ್ಲಿ ವಿದ್ಯಾರ್ಥಿಗಳು ಸರದಿಯಂತೆ ಕೈಯಿಂದ ಗಾಳಿಚೀಲವನ್ನೊತ್ತಿ ರೋಗಿಗಳನ್ನು ಉಸಿರಾಡಿಸಿದರು. ತೀವ್ರನಿಗಾ ಘಟಕವು ಆ ಅನುಭವದ ಫಲ. ಅಲ್ಲಿ ಬದುಕುಳಿದವರಲ್ಲಿಯೇ ಹೊಸ ದೌರ್ಬಲ್ಯಗಳು ಕಂಡುಬಂದವು. 1984ರಲ್ಲಿ ಕೆನಡಾದ ಬೋಲ್ಟನ್ ಮತ್ತು ಸಂಗಡಿಗರು ದೀರ್ಘಕಾಲ ಘಟಕದಲ್ಲಿದ್ದ ರೋಗಿಗಳಲ್ಲಿ ನರತಂತುಗಳೇ ಕ್ಷೀಣಿಸುವುದನ್ನು ವಿದ್ಯುತ್ ಪರೀಕ್ಷೆಯಿಂದ ನಿರೂಪಿಸಿದರು.

ವಿಷಪ್ರಾಶನದಲ್ಲಿ ಮಾತ್ರ ದೋಷವು ಬೇರೆಡೆಯಲ್ಲಿದೆ. ನರವು ಸ್ನಾಯುವನ್ನು ಕೂಡುವ ಸಂಧಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವು ಆಜ್ಞೆಯನ್ನೊಯ್ಯುತ್ತದೆ. ಅದನ್ನು ಕರಗಿಸುವ ಕಿಣ್ವವನ್ನು ವಿಷವು ತಡೆಯುವುದರಿಂದ ದ್ರವ್ಯವು ಮಿತಿಮೀರಿ ಸಂಧಿಯು ಸ್ತಬ್ಧವಾಗುತ್ತದೆ. ವೇಗವಾಗಿ ಮರುಪ್ರಚೋದಿಸಿದಾಗ ಸ್ನಾಯುವಿನ ಉತ್ತರವು ಕುಗ್ಗುವುದೇ ಇದರ ಲಕ್ಷಣ. ತಡವಾಗಿ ಬರುವ ಈ ಸೋಲು ಅಟ್ರೋಪಿನ್ನಿಗೆ ಮಣಿಯುವುದಿಲ್ಲವೆಂದು 1974ರಲ್ಲಿ ಪುಣೆಯ ವಾಡಿಯಾ ಮತ್ತು ಸಂಗಡಿಗರು ವರದಿಮಾಡಿದರು. 1987ರಲ್ಲಿ ಶ್ರೀಲಂಕೆಯ ಸೇನಾನಾಯಕೆ, ಕರಳ್ಳಿಯೆದ್ದೆ ಇವರು ಹತ್ತು ರೋಗಿಗಳನ್ನು ಪರೀಕ್ಷಿಸಿ, ಇದು ವಿಷವೇರಿದ 24ರಿಂದ 96 ಗಂಟೆಗಳೊಳಗೆ, ಮೊದಲ ಲಕ್ಷಣಗಳು ಇಳಿದ ಮೇಲೆ ತಲೆದೋರುವುದೆಂದು ತಿಳಿಸಿ, ಇದನ್ನು ಮಧ್ಯಂತರ ಲಕ್ಷಣಕೂಟವೆಂದು ಕರೆದರು.

ಅಪಾಯವಿರುವುದು ಇಲ್ಲಿಯೇ. ಬೆವರು ನಿಂತು ಮಾತನಾಡತೊಡಗಿದ ರೋಗಿಯನ್ನು ಎರಡನೆಯ ದಿನವೇ ಊರಿಗೆ ಕಳುಹಿಸಿದರೆ ಉಸಿರು ದಾರಿಯಲ್ಲಿ ನಿಲ್ಲಬಹುದು. ಯಂತ್ರದಿಂದ ಉಸಿರನ್ನು ಕಾಯ್ದರೆ ಬಹುಮಂದಿ ಕೆಲವು ದಿನ, ವಾರಗಳಲ್ಲಿ ಚೇತರಿಸಿಕೊಳ್ಳುವರು. ಈ ಸೋಲಿನಲ್ಲಿ ಮೊದಲು ಕುಗ್ಗುವವುಗಳಲ್ಲಿ ಕೊರಳ ಸ್ನಾಯುಗಳೂ ಸೇರಿವೆ. ವಿದ್ಯುತ್ ಪರೀಕ್ಷೆಯ ಉಪಕರಣವು ದೊಡ್ಡ ನಗರಗಳಿಗೇ ಮೀಸಲಾಗಿರಬಹುದು. ಆದರೆ ಅದು ಕಲಿಸಿದ ಪಾಠವು ತಾಲೂಕಿನ ಆಸ್ಪತ್ರೆಗೂ ಸಲ್ಲುತ್ತದೆ. ನಾಲ್ಕು ದಿನ ರೋಗಿಯನ್ನು ಬಿಡದೆ ನೋಡುತ್ತಿದ್ದು, ದಿಂಬಿನಿಂದ ತಲೆಯೆತ್ತೆಂದು ಆಗಾಗ ಕೇಳುವುದಕ್ಕೆ ಯಾವ ಯಂತ್ರವೂ ಬೇಕಿಲ್ಲ.